ಪ್ರಮಾಣಪತ್ರದ ಅವಧಿ ಮುಗಿದಿಲ್ಲ, ಆದರೆ ಲಿಮಿಟ್ ಸ್ವಿಚ್‌ಗೆ ತಂತಿ ಕಟ್ಟಿದೆ: ಕ್ರೇನ್ ತಪಾಸಣೆಯನ್ನು ಯಾರು, ಯಾವಾಗ, ಹೇಗೆ ಮಾಡಬೇಕು?

ಸೈಟ್ ಸುರಕ್ಷತಾ ಅಧಿಕಾರಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಬಹುಮಹಡಿ ಕಟ್ಟಡವೊಂದರ ಕಾಮಗಾರಿಯಲ್ಲಿ ಸುರಕ್ಷತೆಯ ಹೊಣೆ ಹೊತ್ತಿರುವವಳು ನಾನು. ಕಳೆದ ವಾರ ನಡೆದ ಒಂದು ಸಂಗತಿಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಕ್ರೇನ್‌ಗಳ ನಡುವೆಯೇ ವರ್ಷಗಟ್ಟಲೆ ಕೆಲಸ ಮಾಡಿದವರು ಇಲ್ಲಿದ್ದೀರಿ. ನನಗೆ ನಿಮ್ಮ ಸಲಹೆ ಬೇಕಾಗಿದೆ.

ಅದು ಬಾಡಿಗೆಗೆ ಬಂದ 50 ಟನ್ ಸಾಮರ್ಥ್ಯದ ಟೆಲಿಸ್ಕೋಪಿಕ್ ಕ್ರೇನ್. ಕಾಗದಪತ್ರಗಳಲ್ಲಿ ಒಂದು ಕೊರತೆಯೂ ಇರಲಿಲ್ಲ. ನಾಲ್ಕು ತಿಂಗಳ ಹಿಂದಿನ ತಪಾಸಣೆಯ ಪ್ರಮಾಣಪತ್ರ, ವಿಮೆ, ಚಾಲಕರ ಪರವಾನಗಿ, ಲೋಡ್ ಚಾರ್ಟ್ (ಯಾವ ಸ್ಥಿತಿಯಲ್ಲಿ ಎಷ್ಟು ಭಾರ ಎತ್ತಬಹುದೆಂಬ ಪಟ್ಟಿ) ಎಲ್ಲವೂ ಕಡತದಲ್ಲಿದ್ದವು, ನಾನೇ ಪರಿಶೀಲಿಸಿ ಸಹಿ ಮಾಡಿ ಒಳಗೆ ಬಿಟ್ಟಿದ್ದೆ. ಮೂರನೆಯ ದಿನ ಬೂಮ್ ಅನ್ನು, ಅಂದರೆ ಕ್ರೇನಿನ ಉದ್ದ ತೋಳನ್ನು, ಪೂರ್ತಿ ಕೆಳಗಿಳಿಸಿ ಗ್ರೀಸ್ ಹಾಕುತ್ತಿದ್ದರು. ಇಂಥ ಅವಕಾಶ ಮತ್ತೆ ಸಿಗುವುದು ಕಷ್ಟವೆಂದುಕೊಂಡು ನಾನು ತುದಿಯವರೆಗೆ ನಡೆದುಹೋಗಿ ನೋಡಿದೆ.

ಬೂಮ್ ತುದಿಯಲ್ಲಿರುವ ಲಿಮಿಟ್ ಸ್ವಿಚ್ ಹೇಗೆ ಕೆಲಸ ಮಾಡುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಸರಪಳಿಯಲ್ಲಿ ಜೋತುಬಿದ್ದ ಗುಂಡೊಂದು ಸ್ವಿಚ್‌ನ ಸರಳನ್ನು ಸದಾ ಕೆಳಕ್ಕೆ ಎಳೆದುಕೊಂಡಿರುತ್ತದೆ. ಕೊಕ್ಕೆಯ ಬ್ಲಾಕ್ ತೀರಾ ಮೇಲೇರಿ ಆ ಗುಂಡನ್ನು ಎತ್ತಿದ ಕ್ಷಣ ಎಳೆತ ತಪ್ಪಿ, ಗಂಟೆ ಬಾರಿಸಿ, ಎತ್ತುವ ಚಲನೆ ನಿಲ್ಲುತ್ತದೆ. ಈ ಕ್ರೇನ್‌ನಲ್ಲಿ ಗುಂಡು ಇತ್ತು, ಸರಪಳಿಯೂ ಇತ್ತು. ಆದರೆ ಸರಳನ್ನು ಕಬ್ಬಿಣ ಕಟ್ಟುವ ಬೈಂಡಿಂಗ್ ತಂತಿಯಿಂದ ಮೂರು ಸುತ್ತು ಸುತ್ತಿ ಕೆಳಕ್ಕೆ ಬಿಗಿದಿದ್ದರು. ತಂತಿ ತುಕ್ಕು ಹಿಡಿದು ಕಂದುಬಣ್ಣಕ್ಕೆ ತಿರುಗಿತ್ತು. ಅಂದರೆ ನಿನ್ನೆ ಮೊನ್ನೆ ಕಟ್ಟಿದ್ದಲ್ಲ.

ಕೆಲಸವನ್ನು ಅಲ್ಲಿಗೇ ನಿಲ್ಲಿಸಿದೆ. ಅಂದಿನಿಂದ ಮೂರು ಪ್ರಶ್ನೆಗಳು ನನ್ನನ್ನು ಕಾಡುತ್ತಿವೆ. ವಾರ್ಷಿಕ ತಪಾಸಣೆಯ ಪ್ರಮಾಣಪತ್ರ ನಿಜಕ್ಕೂ ಏನನ್ನು ಖಾತ್ರಿಪಡಿಸುತ್ತದೆ? ದಿನದಿನದ ತಪಾಸಣೆಯಲ್ಲಿ ನಾವು ನೋಡಲೇಬೇಕಾದದ್ದು ಏನು? ಕ್ರೇನ್ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿರಬೇಕು? ನಾನು ನಿಲ್ಲಿಸಿದ ಅರ್ಧ ಗಂಟೆಯೊಳಗೆ ನನಗೆ ನಾಲ್ಕು ಕಡೆಯಿಂದ ಫೋನ್ ಬಂದಿತ್ತು. ಮೂರನೆಯ ಪ್ರಶ್ನೆ ಹುಟ್ಟಿದ್ದು ಆಗಲೇ.

ಮೊಬೈಲ್ ಕ್ರೇನ್ ಚಾಲಕ, 22 ವರ್ಷದ ಅನುಭವ

ಮೇಡಂ, ನೀವು ನಿಲ್ಲಿಸಿದ್ದು ಸರಿ. ಆ ತಂತಿಯನ್ನು ಕಟ್ಟುವ ಪರಿಸ್ಥಿತಿ ಹೇಗೆ ಬರುತ್ತದೆ ಎಂಬುದನ್ನು ಚಾಲಕನಾಗಿ ನಾನು ಹೇಳಬೇಕು; ಸಮರ್ಥಿಸುವುದಕ್ಕಾಗಿ ಹೇಳುತ್ತಿಲ್ಲ.

ದಿನವೂ ಬಿಸಿಲು, ಮಳೆ, ಧೂಳಿಗೆ ಒಡ್ಡಿಕೊಂಡ ಬೂಮ್ ತುದಿಯ ಸ್ವಿಚ್‌ನ ಸರಳು ತುಕ್ಕಿನಿಂದ ಬಿಗಿದುಕೊಂಡು ಗುಂಡಿನ ಎಳೆತಕ್ಕೆ ಕೆಳಗಿಳಿಯದಿದ್ದರೆ, ಕೊಕ್ಕೆ ಹತ್ತು ಮೀಟರ್ ಕೆಳಗಿದ್ದರೂ ಯಂತ್ರ ನಿಂತುಬಿಡುತ್ತದೆ. ಮಾಲೀಕರಿಗೆ ತಿಳಿಸಿದರೆ ಮೆಕ್ಯಾನಿಕ್ ನಾಳೆ ಬರುತ್ತಾನೆ ಎನ್ನುತ್ತಾರೆ. ಇತ್ತ ಕಂಬಿಯ ಕಟ್ಟು ಗಾಳಿಯಲ್ಲಿ ನೇತಾಡುತ್ತಿರುತ್ತದೆ, ಮೇಲಿನಿಂದ ಕೂಗುತ್ತಿರುತ್ತಾರೆ. ಆಗ ಯಾರೋ ಒಬ್ಬರು ಒಂದು ತುಂಡು ತಂತಿ ತರುತ್ತಾರೆ. ಒಂದು ಗಂಟೆಯ ಮಟ್ಟಿಗೆಂದು ಕಟ್ಟಿದ್ದು ವರ್ಷವಾದರೂ ಹಾಗೆಯೇ ಇರುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಹೀಗೆ ಕಟ್ಟಿದ ಕ್ರೇನ್ ಓಡಿಸಿದ್ದೇನೆ. ಹಗ್ಗ ಬಿಡದೆ ಬೂಮ್ ಚಾಚಿದಾಗ ಬ್ಲಾಕ್ ತಾನಾಗಿಯೇ ತುದಿಯತ್ತ ಏರುತ್ತದೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಬ್ಲಾಕ್ ತುದಿಯ ರಾಟೆಗೆ ಬಡಿದ ಆ ಸದ್ದು ಇಂದಿಗೂ ಕಿವಿಯಲ್ಲಿದೆ. ಹಗ್ಗ ತುಂಡಾಗಲಿಲ್ಲ, ಕೆಳಗೆ ಯಾರೂ ಇರಲಿಲ್ಲ. ಅಂದಿನಿಂದ ಸ್ವಿಚ್ ಕೆಲಸ ಮಾಡದ ಯಂತ್ರವನ್ನು ನಾನು ಮುಟ್ಟಿಲ್ಲ.

ಬೆಳಿಗ್ಗೆ ನಾನು ಮಾಡುವುದು ಇಷ್ಟು. ಎಂಜಿನ್ ಚಾಲೂ ಮಾಡುವ ಮೊದಲು ಸುತ್ತ ನಡೆದು ನೆಲದ ಮೇಲೆ ಎಣ್ಣೆಯ ಕಲೆ ಇದೆಯೇ, ಔಟ್‌ರಿಗರ್‌ಗಳ (ಕ್ರೇನಿಗೆ ಆಸರೆಯಾಗಿ ಪಕ್ಕಕ್ಕೆ ಚಾಚುವ ಕಾಲುಗಳ) ಪಿನ್‌ಗಳು ಕೂತಿವೆಯೇ, ಟೈರು, ಕೊಕ್ಕೆಯ ಬಾಯಿಯ ಲಾಚ್ ಸರಿಯಿವೆಯೇ ಎಂದು ನೋಡುತ್ತೇನೆ. ಬಳಿಕ ಖಾಲಿ ಕೊಕ್ಕೆಯನ್ನು ಅತಿ ನಿಧಾನವಾಗಿ ಮೇಲೆತ್ತಿ ಲಿಮಿಟ್ ಸ್ವಿಚ್ ತಡೆಯುತ್ತದೆಯೇ ಎಂದು ಪರೀಕ್ಷಿಸುತ್ತೇನೆ. ದಿನದ ಮೊದಲ ಭಾರವನ್ನು ನೆಲದಿಂದ ಒಂದು ಗೇಣು ಎತ್ತಿ, ಹಾಗೆಯೇ ಹಿಡಿದು, ಬ್ರೇಕ್ ಜಾರುತ್ತಿದೆಯೇ ಎಂದು ಕಾಯುತ್ತೇನೆ. ಎಲ್ಲ ಸೇರಿ ಇಪ್ಪತ್ತು ನಿಮಿಷ ಆಗುತ್ತದೆ.

ತಪಾಸಣಾ ಎಂಜಿನಿಯರ್

ಮೇಡಂ ಅವರ ಮೊದಲ ಪ್ರಶ್ನೆಗೆ ಉತ್ತರಿಸುವೆ. ಪ್ರಮಾಣಪತ್ರಗಳಿಗೆ ಸಹಿ ಮಾಡುವವರಲ್ಲಿ ನಾನೂ ಒಬ್ಬ. ಆದ್ದರಿಂದ ಇದನ್ನು ಮುಚ್ಚುಮರೆಯಿಲ್ಲದೆ ಹೇಳುವುದು ನನ್ನ ಕರ್ತವ್ಯ. ನಾನು ಸಹಿ ಮಾಡಿದ ಹಾಳೆ, ಆ ದಿನ ಆ ಯಂತ್ರ ನನ್ನ ಕಣ್ಣಿಗೂ ಅಳತೆಗೂ ಹೇಗೆ ಕಂಡಿತು ಎಂಬುದನ್ನಷ್ಟೇ ಹೇಳುತ್ತದೆ. ಮರುದಿನ ಯಾರಾದರೂ ತಂತಿ ಕಟ್ಟಿದರೆ ಅದು ಆ ಹಾಳೆಗೆ ತಿಳಿಯುವುದಿಲ್ಲ.

ಬೇರೆ ಬೇರೆ ದೇಶಗಳ ಕಾನೂನುಗಳು ತಪಾಸಣೆಯನ್ನು ಒಂದೇ ಸಲದ ಕೆಲಸವೆಂದು ಭಾವಿಸಿಲ್ಲ. ಭಾರತದ 1948ರ ಕಾರ್ಖಾನೆಗಳ ಕಾಯ್ದೆಯ 29ನೆಯ ಕಲಮು ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು 12 ತಿಂಗಳಿಗೆ ಒಮ್ಮೆಯಾದರೂ ಸಮರ್ಥ ವ್ಯಕ್ತಿಯಿಂದ ಕೂಲಂಕಷವಾಗಿ ಪರೀಕ್ಷಿಸಬೇಕೆಂದು ಹೇಳಿತು. ಬ್ರಿಟನ್ನಿನ 1998ರ ನಿಯಮಗಳಲ್ಲಿ ಯಂತ್ರಗಳಿಗೆ 12 ತಿಂಗಳು. ಆದರೆ ಸ್ಲಿಂಗ್ (ಭಾರವನ್ನು ಕೊಕ್ಕೆಗೆ ತೂಗಿಹಾಕುವ ಪಟ್ಟಿ ಅಥವಾ ಹಗ್ಗ), ಶ್ಯಾಕಲ್ (ಜೋಡಿಸುವ ಉಕ್ಕಿನ ಕೊಂಡಿ)ಗಳಂಥ ಪರಿಕರಗಳಿಗೂ ಮನುಷ್ಯರನ್ನು ಎತ್ತುವ ಸಾಧನಗಳಿಗೂ 6 ತಿಂಗಳು. ಅಮೆರಿಕದ ನಿರ್ಮಾಣ ಕ್ಷೇತ್ರದ ನಿಯಮಗಳು ಪ್ರತಿ ಪಾಳಿಗೆ ಒಂದು, ತಿಂಗಳಿಗೆ ಒಂದು, ವರ್ಷಕ್ಕೆ ಒಂದು ಎಂದು ಮೂರು ಹಂತ ಮಾಡಿ, ಜೋಡಣೆ ಮುಗಿದ ಮೇಲೆ ಹಾಗೂ ದುರಸ್ತಿಯ ಮೇಲೆ ಪ್ರತ್ಯೇಕ ತಪಾಸಣೆಯನ್ನೂ ಸೇರಿಸಿವೆ. ಇವುಗಳಲ್ಲಿ ವಾರ್ಷಿಕ ತಪಾಸಣೆಯದ್ದೇ ದೊಡ್ಡ ಹೆಸರು. ಆದರೆ ಜೀವ ಉಳಿಸುವ ವಿಷಯದಲ್ಲಿ ಪ್ರತಿ ಪಾಳಿಯದ್ದೇ ಮುಖ್ಯ ಎಂಬುದು ನನ್ನ ಅನುಭವ.

ಇನ್ನು ಏನನ್ನು ನೋಡಬೇಕು ಎಂಬುದರಲ್ಲಿ, ಉಕ್ಕಿನ ತಂತಿಗಳಿಂದ ಹೆಣೆದ ಹಗ್ಗದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇಡೀ ಯಂತ್ರದಲ್ಲಿ ನಾವು ಸವೆಯಲೆಂದೇ ಬಳಸುವ ಭಾಗ ಅದು, ಮತ್ತು ಹೆಚ್ಚಿನವರು ಅದನ್ನು ದೂರದಿಂದಲೇ ನೋಡಿ ಸರಿಯಿದೆ ಎಂದು ಬರೆಯುತ್ತಾರೆ. ಹಗ್ಗವನ್ನು ಮೊದಲು ಒರೆಸಬೇಕು. ಕಪ್ಪು ಗ್ರೀಸಿನ ಪದರದ ಅಡಿಯಲ್ಲಿ ಮುರಿದ ತಂತಿ ಕಾಣುವುದಿಲ್ಲ. ನಾನು ದಪ್ಪ ಕೈಗವಸು ತೊಟ್ಟು, ನಿಂತ ಹಗ್ಗದ ಮೇಲೆ ಹತ್ತಿಬಟ್ಟೆಯ ತುಂಡನ್ನು ಎಳೆಯುತ್ತೇನೆ. ಮುರಿದ ತಂತಿಯ ಮೊನೆ ಇದ್ದಲ್ಲಿ ಬಟ್ಟೆ ಸಿಕ್ಕಿಕೊಂಡು ದಾರ ಎದ್ದುನಿಲ್ಲುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಒಂದು ಸುತ್ತಿನ ಉದ್ದದಲ್ಲಿ, ಅಂದರೆ ಹಗ್ಗದ ಒಂದು ಎಳೆ ಪೂರ್ತಿ ಒಮ್ಮೆ ಸುತ್ತಿಬರುವ ಉದ್ದದಲ್ಲಿ, ಎಷ್ಟು ತಂತಿ ಮುರಿದಿವೆ ಎಂದು ಎಣಿಸುತ್ತೇನೆ. ಆ ಉದ್ದವನ್ನು ಕಂಡುಕೊಳ್ಳಲು ಹಗ್ಗದ ಮೇಲೆ ಬಿಳಿ ಹಾಳೆಯನ್ನಿಟ್ಟು ಪೆನ್ಸಿಲ್ ಉಜ್ಜಿದರೆ ಸಾಕು. ಎಳೆಗಳ ಅಚ್ಚು ಸಾಲಾಗಿ ಮೂಡುತ್ತದೆ, ಆರು ಎಳೆಯ ಹಗ್ಗವಾದರೆ ಆರು ಅಚ್ಚು ಎಣಿಸಿದಲ್ಲಿಗೆ ಒಂದು ಸುತ್ತು. ಅಮೆರಿಕದ ನಿಯಮದಂತೆ ಚಲಿಸುವ ಸಾಮಾನ್ಯ ಹಗ್ಗದಲ್ಲಿ ಒಂದು ಸುತ್ತಿನೊಳಗೆ ಅಲ್ಲಲ್ಲಿ 6 ತಂತಿ, ಅಥವಾ ಒಂದೇ ಎಳೆಯಲ್ಲಿ 3 ತಂತಿ ಮುರಿದಿದ್ದರೆ ಆ ಹಗ್ಗವನ್ನು ಬಳಸುವಂತಿಲ್ಲ. ತಿರುಚಿಕೊಳ್ಳದಂತೆ ಹೆಣೆದ ವಿಶೇಷ ಹಗ್ಗಗಳಿಗೆ ಮಿತಿ ಇನ್ನೂ ಕಟ್ಟುನಿಟ್ಟು: ವ್ಯಾಸದ 6 ಪಟ್ಟು ಉದ್ದದಲ್ಲಿ 2 ತಂತಿ, 30 ಪಟ್ಟು ಉದ್ದದಲ್ಲಿ 4 ತಂತಿ.

ಮೇಲಿನ ತಂತಿಗಳೆಲ್ಲ ಚೆನ್ನಾಗಿದ್ದು ಒಳಗಿನ ತಿರುಳು ಕುಸಿದಿರುವುದೂ ಉಂಟು. ಅದಕ್ಕೇ ವ್ಯಾಸವನ್ನು ಅಳೆಯಬೇಕು. ಅಗಲ ದವಡೆಯ ಕ್ಯಾಲಿಪರ್‌ನಿಂದ, ಎಳೆಗಳ ಉಬ್ಬಿನಿಂದ ಉಬ್ಬಿಗೆ, ಒಂದೇ ಜಾಗದಲ್ಲಿ ಅಡ್ಡಡ್ಡವಾಗಿ ಎರಡು ಸಲ. 20 ಮಿಲಿಮೀಟರ್ ಹಗ್ಗ 19ಕ್ಕಿಂತ ಕೆಳಗಿಳಿದಿದ್ದರೆ ಶೇಕಡಾ 5ರ ಮಿತಿ ದಾಟಿದಂತೆ. ಎಲ್ಲಿ ಅಳೆಯಬೇಕು ಎಂಬುದೂ ಮುಖ್ಯ: ಡ್ರಮ್ಮಿನ ಮೇಲೆ ಒಂದು ಪದರದಿಂದ ಇನ್ನೊಂದಕ್ಕೆ ದಾಟುವ ಜಾಗ, ಭಾರ ಎತ್ತುವಾಗ ರಾಟೆಗಳ ಮೇಲೆ ಪದೇಪದೇ ಕೂರುವ ಭಾಗ, ಹೆಚ್ಚು ತಿರುಗದ ಸಮತೋಲನ ರಾಟೆಯ ಅಡಿ, ಮತ್ತು ಹಗ್ಗದ ತುದಿಯನ್ನು ಬೆಣೆಯಿಂದ ಬಿಗಿಹಿಡಿಯುವ ವೆಡ್ಜ್ ಸಾಕೆಟ್‌ನ ಬಾಯಿ. ಒಮ್ಮೆ ಗ್ರಾಹಕರೊಬ್ಬರು, ಹಗ್ಗಕ್ಕೇ ಮೂರು ಗಂಟೆ ಏಕೆ, ಹಿಂದಿನವರು ಅರ್ಧ ಗಂಟೆಯಲ್ಲಿ ಇಡೀ ಕ್ರೇನ್ ಮುಗಿಸುತ್ತಿದ್ದರಲ್ಲ ಎಂದು ಕೇಳಿದರು. ಸಮತೋಲನ ರಾಟೆಯಿಂದ ಹಗ್ಗವನ್ನು ಸರಿಸಿ ತೋರಿಸಿದೆ. ರಾಟೆಗೆ ಅಂಟಿಕೊಂಡಿದ್ದ ಬದಿಯಲ್ಲಿ ತಂತಿಗಳು ತುಕ್ಕಿನ ಪುಡಿಯಾಗಿ ಉದುರಿದವು. ಅವರು ಮತ್ತೆ ಮಾತಾಡಲಿಲ್ಲ, ಹೊಸ ಹಗ್ಗಕ್ಕೆ ಅಂದೇ ಆದೇಶ ಕೊಟ್ಟರು.

ಯೋಜನಾ ವ್ಯವಸ್ಥಾಪಕ

ಎಲ್ಲರ ಮಾತನ್ನೂ ಗೌರವದಿಂದ ಓದಿದ್ದೇನೆ. ನನ್ನ ಕಡೆಯ ಕಷ್ಟವನ್ನೂ ಹೇಳಲು ಅವಕಾಶ ಕೊಡಿ. ಕಾಂಕ್ರೀಟ್ ಹಾಕುವ ದಿನ ಕ್ರೇನ್ ಎರಡು ಗಂಟೆ ನಿಂತರೆ ಅರ್ಧ ಹಾಕಿದ ಸ್ಲ್ಯಾಬ್ ಕೆಡುತ್ತದೆ, ಇಡೀ ಸರಪಣಿಯೇ ಕಳಚುತ್ತದೆ. ಪರವಾನಗಿ ಪಡೆದ ಸಂಸ್ಥೆಯೊಂದು ಪರೀಕ್ಷಿಸಿ ಸಹಿ ಮಾಡಿದ ಮೇಲೆ ನಾವು ಅದನ್ನು ನಂಬದಿದ್ದರೆ ಮತ್ತೆ ಯಾರನ್ನು ನಂಬಬೇಕು? ದಿನದ ತಪಾಸಣೆಯ ನಮೂನೆಗಳನ್ನು ನಾನೂ ಜಾರಿಗೆ ತಂದಿದ್ದೆ. ತಿಂಗಳ ಕೊನೆಯಲ್ಲಿ ನೋಡಿದರೆ ಮೂವತ್ತು ಹಾಳೆಗಳಲ್ಲೂ ಒಂದೇ ಪೆನ್ನು, ಒಂದೇ ಒತ್ತು, ಒಂದೇ ಕ್ರಮದ ಗುರುತುಗಳು; ಕ್ರೇನ್ ಸೈಟಿನಲ್ಲೇ ಇರದ ಭಾನುವಾರಕ್ಕೂ ಎಲ್ಲ ಸರಿಯಿದೆ ಎಂದು ಬರೆದಿತ್ತು. ಇನ್ನಷ್ಟು ನಮೂನೆಗಳನ್ನು ಸೇರಿಸುವುದರಿಂದ ಏನು ಸಾಧಿಸುತ್ತೇವೆ ಎಂಬುದು ನನಗೆ ನಿಜಕ್ಕೂ ತಿಳಿಯುತ್ತಿಲ್ಲ.

ಟವರ್ ಕ್ರೇನ್ ಜೋಡಣೆ ಮೇಲ್ವಿಚಾರಕ

ಸರ್, ನೀವು ಹೇಳಿದ ಭಾನುವಾರದ ಹಾಳೆಯನ್ನು ನಾನೂ ಕಂಡಿದ್ದೇನೆ. ಹಾಳೆಗಳನ್ನು ಹೆಚ್ಚಿಸಿ ಉಪಯೋಗವಿಲ್ಲ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಸಂಸ್ಥೆಯ ಸಹಿಯೊಂದೇ ಸಾಕು ಎಂಬುದನ್ನು ಒಪ್ಪಲಾರೆ, ಮತ್ತು ಅದಕ್ಕೆ ಕಾರಣವನ್ನು ಮೂರು ಅವಘಡಗಳ ಮೂಲಕ ಹೇಳುತ್ತೇನೆ.

2008ರ ಮಾರ್ಚ್ 15ರಂದು ನ್ಯೂಯಾರ್ಕ್‌ನಲ್ಲಿ ಟವರ್ ಕ್ರೇನ್ ಒಂದು ಉರುಳಿ 7 ಜನ ಸತ್ತರು. ಆಗ ಕ್ರೇನಿನ ಎತ್ತರ ಹೆಚ್ಚಿಸುತ್ತಿದ್ದರು. ಗೋಪುರವನ್ನು ಕಟ್ಟಡಕ್ಕೆ ಬಂಧಿಸುವ ಭಾರವಾದ ಉಕ್ಕಿನ ಚೌಕಟ್ಟನ್ನು ಪಾಲಿಯೆಸ್ಟರ್ ಸ್ಲಿಂಗ್‌ಗಳಲ್ಲಿ ತೂಗಿಬಿಟ್ಟಿದ್ದರು. ಅವುಗಳಲ್ಲಿ ಒಂದು ಮೊದಲೇ ಹಾಳಾಗಿತ್ತು. ಸ್ಲಿಂಗ್‌ಗಳು ಹರಿದು ಚೌಕಟ್ಟು ಕೆಳಕ್ಕೆ ಜಾರಿ ಅಡಿಯ ಬಂಧವನ್ನೂ ಕಿತ್ತೊಯ್ದಿತು, ಆಸರೆಯಿಲ್ಲದ ಗೋಪುರ ವಾಲಿಬಿತ್ತು. ಅದೇ ನಗರದಲ್ಲಿ ಅದೇ ವರ್ಷದ ಮೇ 30ರಂದು ಇನ್ನೊಂದು ಟವರ್ ಕ್ರೇನಿನ ಮೇಲ್ಭಾಗವೇ ಕಳಚಿ ಬಿದ್ದು ಚಾಲಕ ಸೇರಿ ಇಬ್ಬರು ಸತ್ತರು. ಅಲ್ಲಿ ಸೋತದ್ದು, ಹಿಂದೆ ಬಿರುಕು ಬಿಟ್ಟಿದ್ದ ತಿರುಗುಮೇಜಿನ ಭಾಗಕ್ಕೆ ಮಾಡಿಸಿದ ದುರಸ್ತಿಯ ಬೆಸುಗೆ. 2019ರ ಏಪ್ರಿಲ್ 27ರಂದು ಸಿಯಾಟಲ್‌ನಲ್ಲಿ ಕ್ರೇನನ್ನು ಬಿಚ್ಚುತ್ತಿದ್ದಾಗ ಗೋಪುರ ಉರುಳಿ 4 ಜನ ಸತ್ತರು. ಅವರಲ್ಲಿ ಇಬ್ಬರು ರಸ್ತೆಯಲ್ಲಿ ವಾಹನಗಳಲ್ಲಿದ್ದವರು. ಗೋಪುರದ ಖಂಡಗಳನ್ನು ಜೋಡಿಸುವ ಪಿನ್‌ಗಳನ್ನು, ಅವುಗಳ ಸರದಿ ಬರುವ ಮೊದಲೇ, ಬಹುತೇಕ ಎಲ್ಲ ಕಡೆ ತೆಗೆದುಬಿಟ್ಟಿದ್ದರು. ಗಾಳಿಯ ಒಂದು ಬೀಸು ಸಾಕಾಯಿತು.

ಈ ಮೂರರಲ್ಲಿ ಯಾವುದನ್ನು ವರ್ಷಕ್ಕೊಮ್ಮೆಯ ತಪಾಸಣೆ ತಡೆಯುತ್ತಿತ್ತು? ಒಂದು ಎತ್ತರಿಸುವ ದಿನದ್ದು, ಒಂದು ದುರಸ್ತಿಯ ನಂತರದ್ದು, ಒಂದು ಬಿಚ್ಚುವ ದಿನದ್ದು. ಕ್ರೇನಿನ ರೂಪ ಬದಲಾಗುವ ದಿನವೇ ಅದು ಅತ್ಯಂತ ದುರ್ಬಲವಾಗಿರುವ ದಿನ. ತಪಾಸಣೆಯನ್ನು ಕ್ಯಾಲೆಂಡರಿಗೆ ಕಟ್ಟಿಹಾಕಿ ಈ ದಿನಗಳನ್ನು ಖಾಲಿ ಬಿಟ್ಟರೆ ಸಹಿ ಎಷ್ಟಿದ್ದರೂ ಪ್ರಯೋಜನವಿಲ್ಲ.

ನಮ್ಮ ತಂಡದಲ್ಲಿ ಎತ್ತರಿಸುವ ದಿನದ ಕ್ರಮವನ್ನು ಹಿಂದಿನ ಸಂಜೆಯೇ ಎಲ್ಲರೂ ಕೂತು ತಯಾರಕರ ಕೈಪಿಡಿಯ ಜೊತೆ ಹೋಲಿಸಿ ಓದುತ್ತೇವೆ. ಪ್ರತಿ ಪಿನ್ನಿಗೂ ಸಂಖ್ಯೆ ಇದೆ. ಯಾವುದು ಯಾವಾಗ ಹೊರಬರಬೇಕು ಎಂಬುದನ್ನು ಒಬ್ಬರು ಕೂಗಿ ಹೇಳಿದ ಮೇಲೆಯೇ ಇನ್ನೊಬ್ಬರು ಮುಟ್ಟುತ್ತಾರೆ. ತಿರುಗು ಬೇರಿಂಗ್‌ನ ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ ನೋಡುತ್ತೇವೆ. ಸಡಿಲವಾದ ಒಂದು ಬೋಲ್ಟ್ ಸಿಕ್ಕರೆ ಅದನ್ನು ಬಿಗಿದು ಮುಂದೆ ಹೋಗುವುದಿಲ್ಲ. ಅದು ಏಕೆ ಸಡಿಲಾಯಿತು, ಅದರ ಪಾಲಿನ ಒತ್ತಡವನ್ನು ಇಷ್ಟು ದಿನ ಅಕ್ಕಪಕ್ಕದ ಯಾವ ಬೋಲ್ಟ್ ಹೊತ್ತಿತ್ತು ಎಂದು ಹುಡುಕುತ್ತೇವೆ. ಬೆಸುಗೆಯ ಅಂಚಿನಲ್ಲಿ ಬಣ್ಣ ಕೂದಲೆಳೆಯಷ್ಟು ಸೀಳಿ, ಅದರೊಳಗಿಂದ ತುಕ್ಕಿನ ಗೆರೆ ಒಸರಿದ್ದರೆ ಅಲ್ಲಿ ಬಣ್ಣ ಕೆರೆದು ಡೈ ಪೆನೆಟ್ರೆಂಟ್ (ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವ) ಹಚ್ಚುತ್ತೇವೆ. ಕೆಂಪು ಗೆರೆ ಬಿಳಿ ಪುಡಿಯ ಮೇಲೆ ಮೂಡಿತೆಂದರೆ ಬಿರುಕು ಬಣ್ಣದ್ದಲ್ಲ, ಉಕ್ಕಿನದು.

ಕಾರ್ಖಾನೆಯ ನಿರ್ವಹಣಾ ವಿಭಾಗದಿಂದ

ಚರ್ಚೆಯೆಲ್ಲ ನಿರ್ಮಾಣದ ಕ್ರೇನ್‌ಗಳ ಸುತ್ತಲೇ ನಡೆದಿದೆ. ಶೆಡ್ಡಿನ ಮಾಡಿಗೆ ಹತ್ತಿರ ಹಳಿಗಳ ಮೇಲೆ ವಿದ್ಯುತ್ತಿನಿಂದ ಓಡುವ ಇಒಟಿ ಕ್ರೇನ್‌ಗಳ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ. ಇವುಗಳ ದೊಡ್ಡ ತೊಂದರೆ ಏನೆಂದರೆ ಇವು ಸದಾ ಅಲ್ಲಿಯೇ ಇರುತ್ತವೆ. ಬಾಡಿಗೆ ಕ್ರೇನ್ ಗೇಟಿನೊಳಗೆ ಬರುವಾಗ ಯಾರಾದರೂ ಒಮ್ಮೆ ನೋಡುತ್ತಾರೆ. ತಲೆಯ ಮೇಲೆ ಇಪ್ಪತ್ತು ವರ್ಷದಿಂದ ಓಡಾಡುತ್ತಿರುವುದನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ.

ಕೊಕ್ಕೆಯ ಬಗ್ಗೆ ಒಂದು ಸರಳ ಪದ್ಧತಿ ನಮ್ಮಲ್ಲಿದೆ. ಹೊಸ ಕೊಕ್ಕೆ ಬಂದ ದಿನವೇ ಬಾಯಿಯ ಎರಡೂ ಬದಿಗೆ, ತಯಾರಕರು ಒಪ್ಪಿದ ಜಾಗದಲ್ಲಿ, ಪಂಚ್‌ನಿಂದ ಚುಕ್ಕೆ ಹೊಡೆದು, ನಡುವಿನ ಅಂತರವನ್ನು ಅಳೆದು ಬರೆದಿಡುತ್ತೇವೆ. ಪ್ರತಿ ತಿಂಗಳೂ ಅದೇ ಚುಕ್ಕೆಗಳ ನಡುವೆ ಅಳೆಯುತ್ತೇವೆ. ಬಾಯಿ ಶೇಕಡಾ 5ಕ್ಕಿಂತ, ಅಥವಾ ಸುಮಾರು 6 ಮಿಲಿಮೀಟರಿಗಿಂತ ಹೆಚ್ಚು ಅಗಲಿಸಿದ್ದರೆ, ಭಾರ ಕೂರುವ ಜಾಗ ಶೇಕಡಾ 10ಕ್ಕಿಂತ ಹೆಚ್ಚು ಸವೆದಿದ್ದರೆ, ಕಣ್ಣಿಗೆ ಕಾಣುವಂತೆ ತಿರುಚಿದ್ದರೆ ಆ ಕೊಕ್ಕೆ ಗುಜರಿಗೆ. ಅದನ್ನು ಕಾಯಿಸಿ, ಬಡಿದು, ಬೆಸೆದು ಸರಿಮಾಡಲು ಯಾರಿಗೂ ಬಿಡುವುದಿಲ್ಲ. ಬಾಯಿ ಅಗಲಿಸಿದ ಕೊಕ್ಕೆ ಇನ್ನೊಂದು ಸಂಗತಿಯನ್ನೂ ತಿಳಿಸುತ್ತದೆ: ಎಂದೋ ಒಂದು ದಿನ ಈ ಕ್ರೇನ್ ಮಿತಿಮೀರಿದ ಭಾರ ಎತ್ತಿದೆ. ಆಗ ಕೊಕ್ಕೆಯನ್ನು ಮಾತ್ರ ಬದಲಿಸಿ ಸುಮ್ಮನಾಗದೆ ಹಗ್ಗ, ಬ್ರೇಕು, ಗರ್ಡರ್‌ಗಳ ಬೆಸುಗೆಯನ್ನೂ ನೋಡಬೇಕು.

ಭಾರ ಪರೀಕ್ಷೆಯ ಬಗ್ಗೆಯೂ ಎಚ್ಚರ ಹೇಳಬೇಕಾಗಿದೆ. ಕ್ರೇನ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 4310ರ ಪ್ರಕಾರ ಸ್ಥಿರ ಪರೀಕ್ಷೆಗೆ ಸಾಮರ್ಥ್ಯದ 125 ಪ್ರತಿಶತ ಭಾರವನ್ನು ನೆಲದಿಂದ 100ರಿಂದ 200 ಮಿಲಿಮೀಟರ್ ಮಾತ್ರ ಎತ್ತಿ ಕನಿಷ್ಠ 10 ನಿಮಿಷ ಹಿಡಿಯಬೇಕು. ಚಲನೆಯ ಪರೀಕ್ಷೆಗೆ 110 ಪ್ರತಿಶತ. ಅಷ್ಟೇ ಎತ್ತರ ಎಂದು ಹೇಳಿರುವುದಕ್ಕೆ ಅರ್ಥವಿದೆ: ಹಗ್ಗ ಅಥವಾ ಬ್ರೇಕು ಕೈಕೊಟ್ಟರೂ ಭಾರ ಒಂದು ಗೇಣು ಮಾತ್ರ ಬೀಳಬೇಕು. ಆದರೆ ಯಂತ್ರದ ಚೌಕಟ್ಟೇ ಕುಸಿದರೆ ಆ ಒಂದು ಗೇಣಿನ ಎಚ್ಚರಿಕೆ ಯಾರನ್ನೂ ಕಾಯುವುದಿಲ್ಲ. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಡಗು ನಿರ್ಮಾಣ ಕಟ್ಟೆಯಲ್ಲಿ ಪರೀಕ್ಷೆಯ ಹೊತ್ತಿನಲ್ಲೇ ಕ್ರೇನ್ ಕುಸಿದು 11 ಜನ ಸತ್ತರು. ಪರೀಕ್ಷೆ ಎಂದರೆ ಯಂತ್ರದ ಮೇಲೆ ನಮಗಿನ್ನೂ ಭರವಸೆ ಹುಟ್ಟಿಲ್ಲ ಎಂದೇ ಅರ್ಥ. ಹಾಗಿರುವಾಗ ಅದರ ಮೇಲೂ ಅಡಿಯಲ್ಲೂ ಅನಿವಾರ್ಯವಲ್ಲದ ಒಬ್ಬರೂ ಇರಬಾರದು. ಪರೀಕ್ಷೆಯ ದಿನ ನಮ್ಮ ಶೆಡ್ಡಿನ ಆ ಅಂಕಣವನ್ನು ಪೂರ್ತಿ ಖಾಲಿ ಮಾಡಿಸಿ, ಬಾಗಿಲಿಗೆ ಮನುಷ್ಯರನ್ನು ಕಾವಲಿಟ್ಟು, ಆಮೇಲೆ ಭಾರ ಎತ್ತುತ್ತೇವೆ.

ರಿಗ್ಗರ್

ಕ್ರೇನ್ ಎಷ್ಟೇ ಗಟ್ಟಿಯಾಗಿದ್ದರೂ ಕೊಕ್ಕೆಯ ಕೆಳಗಿನದು, ಅಂದರೆ ಭಾರವನ್ನು ಕಟ್ಟಿ ಕೊಕ್ಕೆಗೆ ಸಿಕ್ಕಿಸುವುದು, ನನ್ನ ಕೆಲಸ, ಅದನ್ನು ಯಾರೂ ತಪಾಸಣೆಯ ಪಟ್ಟಿಯಲ್ಲಿ ಸರಿಯಾಗಿ ಸೇರಿಸುವುದಿಲ್ಲ. ಬೆಲ್ಟ್ ಸ್ಲಿಂಗ್‌ನ ಚೀಟಿ ಕಿತ್ತುಹೋಗಿದ್ದರೆ ಅದು ಎಷ್ಟು ಟನ್ನಿನದೆಂದು ಹೇಳಲು ಯಾರಿಂದಲೂ ಆಗದು. ನಾನು ಅದನ್ನು ಅಲ್ಲಿಯೇ ಕತ್ತರಿಸಿ ಎರಡು ತುಂಡು ಮಾಡುತ್ತೇನೆ. ಮೂಲೆಗೆ ಎಸೆದರೆ ಸಂಜೆ ಇನ್ನೊಬ್ಬರು ಎತ್ತಿಕೊಂಡು ಬಳಸುತ್ತಾರೆ. ಕೋನದ ಲೆಕ್ಕವನ್ನೂ ಹೊಸಬರಿಗೆ ಹೇಳಿಕೊಡಿ. 1000 ಕಿಲೋ ಭಾರವನ್ನು ಎರಡು ಕಾಲಿನ ಸ್ಲಿಂಗ್‌ನಲ್ಲಿ ಎತ್ತುವಾಗ, ಸ್ಲಿಂಗ್ ಅಡ್ಡರೇಖೆಗೆ 60 ಡಿಗ್ರಿಯಲ್ಲಿದ್ದರೆ ಒಂದೊಂದು ಕಾಲಿಗೂ ಸುಮಾರು 580 ಕಿಲೋ ಬೀಳುತ್ತದೆ, 45 ಡಿಗ್ರಿಗೆ 710, 30 ಡಿಗ್ರಿಗೆ ಪೂರ್ತಿ 1000. ಸ್ಲಿಂಗ್ ಗಿಡ್ಡವಾಯಿತೆಂದು ಅಗಲಿಸಿ ಕಟ್ಟಿದರೆ ಎರಡು ಕಾಲಿದ್ದೂ ಒಂದೊಂದೂ ಇಡೀ ಭಾರವನ್ನೇ ಹೊರುತ್ತದೆ.

ಮೊಬೈಲ್ ಕ್ರೇನ್ ಚಾಲಕ, 22 ವರ್ಷದ ಅನುಭವ

ರಿಗ್ಗರ್ ಅಣ್ಣ ಹೇಳಿದ ಹಾಗೆಯೇ ನೆಲವೂ ಪಟ್ಟಿಯಲ್ಲಿರುವುದಿಲ್ಲ. ಕ್ರೇನು ಮತ್ತು ಭಾರದ ಒಟ್ಟು ತೂಕದಲ್ಲಿ ಮುಕ್ಕಾಲು ಪಾಲು ಒಂದೇ ಔಟ್‌ರಿಗರ್ ಮೇಲೆ ಬೀಳುವ ಗಳಿಗೆ ಬರುತ್ತದೆ. ಆ ಕಾಲಿನ ಅಡಿಯಲ್ಲಿ ನಿನ್ನೆ ಮುಚ್ಚಿದ ಪೈಪಿನ ಕಾಲುವೆ ಇದ್ದರೆ ಹಗ್ಗವೂ ಕೊಕ್ಕೆಯೂ ಹೊಸದಾಗಿದ್ದು ಏನು ಬಂತು? ಮಟ್ಟದ ಗುಳ್ಳೆ ಶೇಕಡಾ 1ರಷ್ಟು ಸರಿದರೂ 30 ಮೀಟರ್ ಎತ್ತರದ ಬೂಮ್ ತುದಿ 30 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ, ಬೂಮ್‌ಗೆ ಅಡ್ಡ ಎಳೆತ ಬೀಳುತ್ತದೆ. ಮಳೆ ಬಂದ ರಾತ್ರಿಯ ಮರುದಿನ ನಾನು ಮೊದಲು ನೋಡುವುದು ಮರದ ದಿಮ್ಮಿಗಳ ಅಂಚನ್ನು. ಮಣ್ಣು ಅಂಚಿನ ಸುತ್ತ ಉಬ್ಬಿದ್ದರೆ ದಿಮ್ಮಿ ಇಳಿಯುತ್ತಿದೆ ಎಂದರ್ಥ.

ಯೋಜನಾ ವ್ಯವಸ್ಥಾಪಕ

ಜೋಡಣೆ ಮೇಲ್ವಿಚಾರಕರ ಉತ್ತರವನ್ನು ಎರಡು ಸಲ ಓದಿದೆ. ನಮ್ಮ ನಮೂನೆಯಲ್ಲಿ 46 ಅಂಶಗಳಿದ್ದವು. ಅದನ್ನು ಹಿಂತೆಗೆದುಕೊಂಡು, ಪ್ರತಿ ಪಾಳಿಗೆ ಕೈಯಿಂದ ಮುಟ್ಟಿ ಪರೀಕ್ಷಿಸಬೇಕಾದ ಎಂಟು ಅಂಶಗಳನ್ನು ಮಾತ್ರ ಇಟ್ಟು, ಉಳಿದವನ್ನು ತಿಂಗಳ ತಪಾಸಣೆಗೆ ಸೇರಿಸುತ್ತೇನೆ. ಸರಿ ಅಥವಾ ಇಲ್ಲ ಎಂಬ ಗುರುತಿನ ಬದಲು ಅಳತೆಯನ್ನೇ ಬರೆಯುವಂತೆ ಮಾಡುತ್ತೇನೆ. ಭಾನುವಾರದ ಅಳತೆಯನ್ನು ಕಲ್ಪಿಸಿ ಬರೆಯುವುದು ಗುರುತು ಹಾಕುವಷ್ಟು ಸುಲಭವಲ್ಲ.

ಸೈಟ್ ಸುರಕ್ಷತಾ ಅಧಿಕಾರಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನಡೆದದ್ದನ್ನು ತಿಳಿಸುವುದು ನನ್ನ ಧರ್ಮ. ಕ್ರೇನಿನ ಮಾಲೀಕರು ಎರಡನೆಯ ದಿನ ಮೆಕ್ಯಾನಿಕ್‌ರನ್ನು ಕಳಿಸಿದರು. ಚಾಲಕರು ಇಲ್ಲಿ ಬರೆದಿದ್ದಂತೆಯೇ ಸ್ವಿಚ್‌ನ ಸರಳು ತುಕ್ಕಿನಿಂದ ಬಿಗಿದುಕೊಂಡಿತ್ತು. ತಂತಿ ಬಿಚ್ಚಿ, ಸ್ವಿಚ್ ಬದಲಿಸಿ, ಖಾಲಿ ಕೊಕ್ಕೆಯಲ್ಲಿ ಐದು ಸಲ ಪರೀಕ್ಷಿಸಿದೆವು. ಪ್ರತಿ ಸಲವೂ ನಿಂತಿತು.

ಅಷ್ಟಕ್ಕೆ ಬಿಡಲು ಮನಸ್ಸಾಗದೆ, ತಪಾಸಣಾ ಎಂಜಿನಿಯರ್ ಸರ್ ಹೇಳಿದ ಕ್ರಮದಲ್ಲಿ ಹಗ್ಗವನ್ನೂ ನೋಡಿದೆವು. ಹಾಳೆ ಮತ್ತು ಪೆನ್ಸಿಲ್ ನಾನೇ ಹಿಡಿದಿದ್ದೆ. ವೆಡ್ಜ್ ಸಾಕೆಟ್‌ನಿಂದ ಎರಡು ಅಡಿ ಮೇಲೆ ಬಟ್ಟೆ ಸಿಕ್ಕಿಕೊಂಡಿತು. ಒರೆಸಿ ಎಣಿಸಿದರೆ ಒಂದು ಸುತ್ತಿನೊಳಗೆ ಒಂದೇ ಎಳೆಯಲ್ಲಿ 4 ತಂತಿ ಮುರಿದಿದ್ದವು. ಮೂರು ದಿನ ಆ ಹಗ್ಗದ ಕೆಳಗೆ ನಮ್ಮ ಜನ ಕೆಲಸ ಮಾಡಿದ್ದರು. ಹೊಸ ಹಗ್ಗ ನಿನ್ನೆ ಬಂದಿದೆ.

ನಿಲ್ಲಿಸುವ ಅಧಿಕಾರದ ವಿಷಯದಲ್ಲಿ ನಮ್ಮ ಮೇಲಧಿಕಾರಿಗಳು ಲಿಖಿತ ಆದೇಶ ಹೊರಡಿಸಿದ್ದಾರೆ. ಚಾಲಕ, ರಿಗ್ಗರ್, ಸಂಕೇತ ಕೊಡುವವರು, ಸುರಕ್ಷತಾ ಅಧಿಕಾರಿ, ಇವರಲ್ಲಿ ಯಾರೇ ನಿಲ್ಲಿಸಿದರೂ ಕ್ರೇನ್ ನಿಲ್ಲುತ್ತದೆ. ಮತ್ತೆ ಆರಂಭಿಸಲು ಮಾತ್ರ ಲಿಖಿತ ಕಾರಣ ಬೇಕು. ನಿಲ್ಲಿಸಿದವರಿಗೆ ಆ ಹೊತ್ತಿನಲ್ಲಿ ಯಾರೂ ಫೋನ್ ಮಾಡುವಂತಿಲ್ಲ ಎಂಬ ಸಾಲನ್ನು ನಾನು ಕೇಳಿ ಸೇರಿಸಿಕೊಂಡೆ.

ತಪಾಸಣಾ ಎಂಜಿನಿಯರ್ ಸರ್, ಹೊಸ ಹಗ್ಗ ಹಾಕಿದ ಮೇಲೆ ನೇರವಾಗಿ ಕೆಲಸ ಶುರು ಮಾಡಬಹುದೇ?

ತಪಾಸಣಾ ಎಂಜಿನಿಯರ್

ಕೂಡಲೇ ಪೂರ್ತಿ ಭಾರ ಎತ್ತಬೇಡಿ ಮೇಡಂ. ಮೊದಲು ಖಾಲಿ ಕೊಕ್ಕೆಯಲ್ಲಿ, ಆಮೇಲೆ ಹಗುರ ಭಾರದಲ್ಲಿ ಹಲವು ಸಲ ಪೂರ್ತಿ ಏರಿಳಿಸಿ. ಎಳೆಗಳು ತಮ್ಮ ಜಾಗದಲ್ಲಿ ಕೂರಲಿ, ಡ್ರಮ್ಮಿನ ಮೇಲೆ ಸುತ್ತುಗಳು ಒತ್ತಾಗಿ ಬೀಳುತ್ತಿವೆಯೇ ನೋಡಿ. ಕೊಕ್ಕೆ ಅತಿ ಕೆಳಗಿದ್ದಾಗಲೂ ಡ್ರಮ್ಮಿನ ಮೇಲೆ ಕನಿಷ್ಠ ಎರಡು ಸುತ್ತು ಉಳಿದಿರಬೇಕು. ವೆಡ್ಜ್ ಸಾಕೆಟ್‌ನಲ್ಲಿ ಭಾರ ಹೊರುವ ಹಗ್ಗ ಪಿನ್ನಿನ ನೇರಕ್ಕೆ ಇದೆಯೇ, ಬಾಲದ ತುದಿಗೆ ಹಾಕಿದ ಕ್ಲಿಪ್ ಭಾರ ಹೊರುವ ಹಗ್ಗವನ್ನು ಹಿಡಿದಿಲ್ಲವೇ ಎಂದು ನೀವೇ ನೋಡಿ, ಹೇಳಿದ್ದನ್ನು ಕೇಳಿ ಬಿಡಬೇಡಿ. ರಾಟೆಗಳ ತೋಡನ್ನೂ ಗೇಜ್ ಇಟ್ಟು ನೋಡಿಸಿ. ಹಳೆಯ ಹಗ್ಗದ ಅಚ್ಚು ಬಿದ್ದ ತೋಡು ಹೊಸ ಹಗ್ಗವನ್ನು ಬೇಗ ತಿಂದುಹಾಕುತ್ತದೆ. ಇವೆಲ್ಲ ಆದ ಮೇಲೆ ಐದಾರು ಜಾಗದಲ್ಲಿ ವ್ಯಾಸ ಅಳೆದು ದಿನಾಂಕದ ಜೊತೆ ಬರೆದಿಡಿ. ಮುಂದಿನ ತಿಂಗಳು ಅಳೆಯುವವರಿಗೆ ಹೋಲಿಸಲು ಆ ಅಂಕಿಗಳು ಬೇಕಾಗುತ್ತವೆ.